ಥಾಯ್ ಗ್ರೀನ್ ಕರಿಗೆ ಯಾವ ತೆಂಗಿನ ಹಾಲು: ಹಿಂಡಿದ್ದಾ, ಡಬ್ಬಿದಾ, ಪುಡಿಯಾ?

ಮೊದಲು ನೋಡಬೇಕಾದ್ದು ಹಾಲು ಎಣ್ಣೆ ಬಿಡುತ್ತಾ ಅನ್ನೋದು. ಥಾಯ್ಲೆಂಡಿನಲ್ಲಿ ಗಟ್ಟಿ ಹಾಲನ್ನು ಎಣ್ಣೆ ಬಿಡುವವರೆಗೆ ಕುದಿಸಿ, ಅದರಲ್ಲೇ ರುಬ್ಬಿದ ಮಸಾಲೆ ಹುರಿಯುತ್ತಾರೆ. ಅಂಚಿನಲ್ಲಿ ಹಸಿರು ಎಣ್ಣೆ ತೇಲಿ ಲೆಮನ್‌ಗ್ರಾಸ್ ಘಮ ಏಳಬೇಕು, ಕರಿಯ ರುಚಿ ಇರೋದೇ ಅಲ್ಲಿ. ಮನೆಯಲ್ಲಿ ಹಿಂಡಿದ ಮೊದಲ ಹಾಲು ಇದಕ್ಕೆ ಹೇಳಿ ಮಾಡಿಸಿದ್ದು. ಡಬ್ಬಿ ಹಾಲು ಒಡೆಯದಿರಲಿ ಅಂತ ಎಷ್ಟೋ ಬ್ರ್ಯಾಂಡಿನವರು ಎಮಲ್ಸಿಫೈಯರ್ (ಎಣ್ಣೆ, ನೀರು ಬೇರೆಯಾಗದಂತೆ ಹಿಡಿದಿಡುವ ಪದಾರ್ಥ) ಹಾಕಿರುತ್ತಾರೆ, ಅದು ಸುಲಭಕ್ಕೆ ಎಣ್ಣೆ ಬಿಡಲ್ಲ. ಆಗ ಮಸಾಲೆಯನ್ನು ಎರಡು ಚಮಚ ಎಣ್ಣೆಯಲ್ಲಿ ಹುರಿದುಕೊಳ್ಳಿ. ಬರೀ ತೆಂಗು, ನೀರು ಇರುವ ಡಬ್ಬಿ ಸಿಕ್ಕರೆ ಬಿಡಬೇಡಿ.

ಕೆಲಸ ಜಾಸ್ತಿ ಹಿಂಡೋದರಲ್ಲೇ: ತುರಿಯಬೇಕು, ಬಿಸಿನೀರು ಹಾಕಿ ರುಬ್ಬಬೇಕು, ಬಟ್ಟೆಯಲ್ಲಿ ಹಿಂಡಬೇಕು, ಅವತ್ತೇ ಬಳಸಬೇಕು. ಆದರೆ ಮನೆಯಲ್ಲಿ ಕಾಯಿ ಇದ್ದರೆ ಖರ್ಚು ಕಮ್ಮಿ ಅಲ್ವಾ? ನೆಂಟರು ಬರುವ ಭಾನುವಾರಕ್ಕೆ ನಾನಂತೂ ಇದನ್ನೇ ಹೇಳುತ್ತೇನೆ. ಕೆಲಸದಿಂದ ಬಂದು ಅರ್ಧ ಗಂಟೆಯಲ್ಲಿ ಊಟ ಆಗಬೇಕಾದರೆ ಡಬ್ಬಿ. ತೋಮ್ ಖಾ ಅನ್ನೋ ಥಾಯ್ ತೆಂಗಿನ ಹಾಲಿನ ಸೂಪಿಗೂ ಡಬ್ಬಿಯೇ ಸಲೀಸು, ಅಲ್ಲಿ ಹಾಲು ಒಡೆಯಬಾರದು.

ಒಬ್ಬರಿಗೇ ಅಡುಗೆ ಅಂದರೆ ಪುಡಿ ಅನುಕೂಲ, ಬೇಕಾದಷ್ಟೇ ಕಲಸಬಹುದು. ರುಚಿ ಸ್ವಲ್ಪ ಸಪ್ಪೆ. ವೀಗನ್ ಆಗಿದ್ದರೆ ಪ್ಯಾಕೆಟ್ ಹಿಂದೆ ಓದಿ, ಕೆಲವದರಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ, ಅದು ಹಸುವಿನ ಹಾಲಿನದು.