ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ ಮೇಲೆ ಏನಾಯ್ತು: ನನ್ನ ಅನುಭವ

ಬಸ್ ಸ್ಟ್ಯಾಂಡ್ ಎದುರು ನಂದೊಂದು ಇಡ್ಲಿ ಗಾಡಿ ಇದೆ. ಬೆಳಗ್ಗೆ ಐದೂವರೆಗೆ ಒಲೆ ಹಚ್ಚುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಒಂದು ದಿನ ಗಾಡಿ ಹಿಂದೆ ಒಬ್ಬ ಹುಡುಗ ಗೋಣಿಚೀಲ ಹೊದ್ದು ಕೂತಿದ್ದ. ಒಂಬತ್ತೋ ಹತ್ತೋ ವರ್ಷ ಇರಬಹುದು. ಎರಡು ಇಡ್ಲಿ ಕೊಟ್ಟೆ. ಚಟ್ನಿ ಮುಟ್ಟದೆ ಗಬಗಬ ತಿಂದ. ಯಾವೂರು ಅಂತ ಕೇಳಿದರೆ ಸುಮ್ನೆ ನೆಲ ನೋಡುತ್ತಿದ್ದ.

ಮೊದಲು ಹತ್ತಿರದ ಒಂದು ಆಫೀಸಿಗೆ ಕರೆದುಕೊಂಡು ಹೋದೆ. ಇಲ್ಲಿ ಅಲ್ಲ, ಬೇರೆ ಕಡೆ ಹೋಗಿ ಅಂದರು. ಹುಡುಗನ ಮುಖವನ್ನೂ ನೋಡಲಿಲ್ಲ. ಅದು ಇವತ್ತಿಗೂ ನೋಯುತ್ತದೆ. ವಾಪಸ್ ಬಂದಾಗ ಗಿರಾಕಿಯೊಬ್ಬರು, "ಪ್ಲೇಟ್ ತೊಳೆಯೋಕೆ ಇಟ್ಕೊಳ್ಳಿ ಅಕ್ಕಾ, ಊಟ ಹಾಕಿದರೆ ಸಾಕು" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಆದರೆ 14 ವರ್ಷ ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ.

1098ಕ್ಕೆ ಮಾಡು ಅಂದಿದ್ದು ನನ್ನ ಮಗಳು. ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ಮಗು ಎಲ್ಲಿದೆ, ಗಾಯ ಆಗಿದೆಯಾ, ಏನಾದರೂ ತಿಂದಿದೆಯಾ ಅಂತ ಕೇಳಿದರು. ಮುಕ್ಕಾಲು ಗಂಟೆಯಲ್ಲಿ ಇಬ್ಬರು ಬಂದು ಗುರುತಿನ ಚೀಟಿ ತೋರಿಸಿದರು. ಅವರಲ್ಲಿ ಒಬ್ಬ ಹೆಣ್ಣುಮಗಳು ಹುಡುಗನ ಪಕ್ಕ ನೆಲದ ಮೇಲೇ ಕೂತರು. ಹೆಸರು ಕೇಳಲಿಲ್ಲ. "ಚಳಿ ಆಗ್ತಿದೆಯಾ ಪುಟ್ಟಾ?" ಅಂದರು. ಸ್ವಲ್ಪ ಹೊತ್ತಿಗೆ ಅವನೇ ಊರಿನ ಹೆಸರು ಹೇಳಿದ! ಆ ಇಬ್ಬರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ.

ಬಾಲಮಂದಿರಕ್ಕೆ ಹಾಕಿಬಿಡುತ್ತೀರಾ ಅಂತ ಭಯದಿಂದಲೇ ಕೇಳಿದೆ. ಅವರು ನಿಂತು ಸಮಾಧಾನವಾಗಿ ಹೇಳಿದರು. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಅದರಲ್ಲಿ ಅಧ್ಯಕ್ಷರ ಜೊತೆ ನಾಲ್ಕು ಜನ ಸದಸ್ಯರು. ಮನೆ ಹೇಗಿದೆ ಅಂತ ವಿಚಾರಿಸುತ್ತಾರೆ, ಮಗುವಿನ ಮಾತನ್ನೂ ಕೇಳುತ್ತಾರೆ. ಮನೆ ಸರಿ ಇದ್ದರೆ ಮನೆಗೇ ಕಳಿಸುತ್ತಾರೆ. ಬಡತನ ಒಂದೇ ತೊಂದರೆ ಆದರೆ, ಅರ್ಹ ಮಕ್ಕಳಿಗೆ ಮಿಷನ್ ವಾತ್ಸಲ್ಯ ಅನ್ನೋ ಸರ್ಕಾರದ ಮಕ್ಕಳ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಸಹಾಯ ಇದೆ. ಬೇರೆ ದಾರಿ ಇಲ್ಲದಿದ್ದಾಗ ಬಾಲಮಂದಿರ. ಎಷ್ಟು ಜನ ತಾಯಂದಿರಿಗೆ ಈ 4000ದ ವಿಷಯ ಗೊತ್ತಿದೆ? ನನಗಂತೂ ಗೊತ್ತಿರಲಿಲ್ಲ. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಮಗು ಅಮ್ಮನಿಂದ ದೂರ ಇರಬಾರದು ಅಲ್ವಾ?

ಆಮೇಲೆ ಹುಡುಗ ಎಲ್ಲಿ ಹೋದ ಅಂತ ನನಗೆ ಹೇಳಲಿಲ್ಲ. ಎರಡು ದಿನ ಬೇಜಾರಾಗಿತ್ತು. ಮಗುವಿನ ಗುರುತು ಹೊರಗೆ ಬಿಡಬಾರದು ಅಂತ ಕಾನೂನೇ ಇದೆ ಅಂದಳು ಮಗಳು. ಅದಕ್ಕೇ ನಾನೂ ಇಲ್ಲಿ ಅವನ ಊರು, ಹೆಸರು ಬರೆದಿಲ್ಲ.

ಒಂದೇ ಕೊರತೆ, ಈ ನಂಬರ್ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಾನು ಈಗ ಗಾಡಿ ಮೇಲೆ ಇಡ್ಲಿ ರೇಟಿನ ಕೆಳಗೆ ದೊಡ್ಡದಾಗಿ 1098 ಅಂತ ಬರೆಸಿದ್ದೇನೆ. ನಿಮಗೂ ಇಂಥ ಮಗು ಸಿಕ್ಕರೆ ಮನೆಗೆ ಕರೆದುಕೊಂಡು ಹೋಗಬೇಡಿ, ಗೊತ್ತಿರುವ ಯಾವುದೋ ಆಶ್ರಮಕ್ಕೂ ಬಿಡಬೇಡಿ. ಜಾಗದ ಗುರುತು ಸರಿಯಾಗಿ ಹೇಳಿ, ಫೋನ್ ಆನ್ ಇಟ್ಟುಕೊಂಡು, ಅವರು ಬರುವ ತನಕ ಪಕ್ಕದಲ್ಲೇ ಇರಿ.