ಕೋರ್ಸೇರ್ ವೆಂಜೆನ್ಸ್ ಎಲ್‌ಪಿಎಕ್ಸ್ ರ‍್ಯಾಮ್: ನಾಲ್ಕು ವರ್ಷ ಬಳಸಿದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಮದುವೆ ವಿಡಿಯೋ ಎಡಿಟಿಂಗ್, ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಕಂಪ್ಯೂಟರ್ ಬೆಳಿಗ್ಗೆ ಆನ್ ಆದರೆ ರಾತ್ರಿ ಹನ್ನೊಂದರವರೆಗೂ ಓಡುತ್ತಲೇ ಇರುತ್ತದೆ. 2021ರ ದೀಪಾವಳಿಗೆ ಹೊಸದು ಕಟ್ಟಿಸಿದೆ. ಎಎಂಡಿ ಕಂಪನಿಯ ರೈಜೆನ್ 5 5600ಜಿ ಪ್ರೊಸೆಸರ್, ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ವೆಂಜೆನ್ಸ್ ಎಲ್‌ಪಿಎಕ್ಸ್ ಸ್ಟಿಕ್. ಡಿಡಿಆರ್4 ತಲೆಮಾರಿನ ಮೆಮೊರಿ, ಸ್ಪೀಡ್ 3200, ಸಿಎಲ್ 16 (ಇದೇನು ಅಂತ ಮುಂದೆ ಹೇಳುತ್ತೇನೆ). ಬೇರೆ ಗ್ರಾಫಿಕ್ಸ್ ಕಾರ್ಡ್‌ಗೆ ಆಗ ದುಡ್ಡು ಇರಲಿಲ್ಲ. ಈ ಪ್ರೊಸೆಸರ್‌ನ ಒಳಗಿರುವ ಗ್ರಾಫಿಕ್ಸ್ ಮೇನ್ ಮೆಮೊರಿಯನ್ನೇ, ಅಂದರೆ ರ‍್ಯಾಮ್ ಅನ್ನೇ ಬಳಸಿಕೊಳ್ಳುತ್ತದೆ. ಹಾಗಾಗಿ ನನ್ನಂಥವರಿಗೆ ರ‍್ಯಾಮ್ ಸ್ಪೀಡ್ ನಿಜವಾಗಿಯೂ ಮುಖ್ಯ.

ಮೊದಲ ಒಂದು ತಿಂಗಳು ನಾನು ಕೊಟ್ಟ ದುಡ್ಡಿಗೆ ತಕ್ಕ ಸ್ಪೀಡ್ ನನಗೆ ಸಿಗಲೇ ಇಲ್ಲ. ಅದು ಗೊತ್ತೂ ಆಗಲಿಲ್ಲ. ಒಂದು ದಿನ ಕಂಪ್ಯೂಟರ್ ಭಾಗಗಳ ವಿವರ ತೋರಿಸುವ ಸಿಪಿಯು-ಝಡ್ ಸಾಫ್ಟ್‌ವೇರ್ ಹಾಕಿ ನೋಡಿದರೆ ಮೆಮೊರಿ ಫ್ರೀಕ್ವೆನ್ಸಿ 1066 ಅಂತ ಬಂತು. ಡಿಡಿಆರ್ ಅಂದರೆ ಗಡಿಯಾರದ ಒಂದು ಟಿಕ್‌ಗೆ ಎರಡು ಸಲ ಡೇಟಾ ಕಳಿಸುವ ಮೆಮೊರಿ. ಅದಕ್ಕೆ ಆ ಅಂಕಿಯನ್ನು ಎರಡರಿಂದ ಗುಣಿಸಬೇಕು. ಗುಣಿಸಿದರೂ 2133 ಅಷ್ಟೇ. ಬಾಕ್ಸ್ ಮೇಲೆ ಮಾತ್ರ 3200 ಅಂತ ದಪ್ಪಕ್ಷರದಲ್ಲಿದೆ!

ಇದು ಸ್ಟಿಕ್‌ನ ದೋಷ ಅಲ್ಲ. ಇದರಲ್ಲಿ ಎರಡು ಲೆಕ್ಕ ಬರೆದಿಟ್ಟಿರುತ್ತಾರೆ. ಒಂದು 1.2 ವೋಲ್ಟ್‌ನಲ್ಲಿ 2133, ಎಲ್ಲ ಬೋರ್ಡ್‌ಗೂ ಒಗ್ಗುವ ಸೇಫ್ ಲೆಕ್ಕ. ಇನ್ನೊಂದು 1.35 ವೋಲ್ಟ್‌ನಲ್ಲಿ 3200. ಈ ಎರಡನೆಯದೇ ಎಕ್ಸ್‌ಎಂಪಿ ಪ್ರೊಫೈಲ್. ನಾವಾಗಿಯೇ ಹೇಳದ ಹೊರತು ಬೋರ್ಡ್ ಅದನ್ನು ಮುಟ್ಟುವುದಿಲ್ಲ. ಕಂಪ್ಯೂಟರ್ ಆನ್ ಆಗುವಾಗ ಡಿಲೀಟ್ ಕೀ ಒತ್ತಿ ಬಯೋಸ್‌ಗೆ, ಅಂದರೆ ಬೋರ್ಡ್‌ನ ಸೆಟ್ಟಿಂಗ್ ಪರದೆಗೆ ಹೋದೆ, ಪ್ರೊಫೈಲ್ ಆನ್ ಮಾಡಿದೆ, ಸೇವ್ ಮಾಡಿ ಹೊರಗೆ ಬಂದೆ. ಎರಡು ನಿಮಿಷದ ಕೆಲಸ. ಎಎಂಡಿ ಪ್ರೊಸೆಸರ್‌ನ ಕೆಲವು ಬೋರ್ಡ್‌ಗಳಲ್ಲಿ ಇದೇ ಆಯ್ಕೆಗೆ ಡಿಓಸಿಪಿ ಅಂತ ಹೆಸರಿದೆ, ಹುಡುಕುವಾಗ ನೆನಪಿರಲಿ. 2133ರಲ್ಲಿ ಒಂದು ಚಾನೆಲ್‌ಗೆ (ಪ್ರೊಸೆಸರ್‌ಗೂ ಮೆಮೊರಿಗೂ ನಡುವಿನ ದಾರಿ) ಸೆಕೆಂಡಿಗೆ ಸುಮಾರು 17 ಜಿಬಿ ಹರಿಯುತ್ತದೆ, 3200ರಲ್ಲಿ 25.6 ಜಿಬಿ. ಎರಡು ಸ್ಟಿಕ್ ಸರಿಯಾದ ಸ್ಲಾಟ್‌ನಲ್ಲಿದ್ದರೆ ಅದರ ದುಪ್ಪಟ್ಟು. ನನ್ನ ಬೋರ್ಡ್‌ನಲ್ಲಿ ಅವು ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಎಕ್ಸ್‌ಪೋರ್ಟ್ ಟೈಮ್ ಅಂಥಾ ಏನೂ ಇಳಿಯಲಿಲ್ಲ. ಆದರೆ ಟೈಮ್‌ಲೈನ್ ಎಳೆಯುವಾಗ ಪ್ರಿವ್ಯೂ ತಡವರಿಸುವುದು ಸಾಕಷ್ಟು ಕಡಿಮೆಯಾಯಿತು.

ಈಗ ಟೈಮಿಂಗ್ ವಿಷಯ, ಅಂದರೆ ಮೆಮೊರಿ ಒಂದೊಂದು ಹೆಜ್ಜೆಗೆ ಎಷ್ಟು ಟಿಕ್ ಕಾಯುತ್ತದೆ ಅನ್ನುವ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ನನ್ನ ಸ್ಟಿಕ್ ಮೇಲೆ 16-18-18-36 ಅಂತ ಇದೆ. ಇಳಕಲ್ ಸೀರೆ ಅಂಗಡಿಗೆ ಹೋಗಿದ್ದೀರಿ ಅಂದುಕೊಳ್ಳಿ. ನೀವು ಕೇಳಿದ ಸೀರೆ ಯಾವುದೋ ಗಂಟಿನಲ್ಲಿದೆ. ಹುಡುಗ ಆ ಗಂಟು ಇಳಿಸಿ ಬಿಚ್ಚಬೇಕು, ಅದು ಎರಡನೆಯ ಅಂಕಿ, 18. ಬಿಚ್ಚಿದ ಗಂಟಿನಿಂದ ನಿಮ್ಮ ಸೀರೆ ತೆಗೆದು ಕೈಗೆ ಕೊಡಬೇಕು, ಅದು ಮೊದಲನೆಯ ಅಂಕಿ, ಸಿಎಲ್ 16. ಬೇರೆ ಗಂಟು ಬೇಕಾದರೆ ಮೊದಲು ಇದನ್ನು ಕಟ್ಟಿ ಮೇಲಿಡಬೇಕು, ಅದು ಮೂರನೆಯದು. ಗಂಟು ಬಿಚ್ಚಿದ ಮೇಲೆ ಕಟ್ಟುವ ಮುಂಚೆ ಇಷ್ಟು ಹೊತ್ತಾದರೂ ತೆರೆದಿರಲೇಬೇಕು ಅನ್ನೋದು ಕೊನೆಯ 36. ಮೆಮೊರಿಯ ಒಳಗೂ ಸಾಲು ತೆರೆಯುವುದು, ಅದರಿಂದ ತೆಗೆಯುವುದು, ಸಾಲು ಮುಚ್ಚುವುದು ಇದೇ ಥರ ನಡೆಯುತ್ತದೆ.

ಈ ಅಂಕಿಗಳೆಲ್ಲ ಟಿಕ್‌ಗಳ ಎಣಿಕೆ, ಸಮಯ ಅಲ್ಲ. ಸಮಯ ಬೇಕಾದರೆ ಸಿಎಲ್ ಅನ್ನು 2000ದಿಂದ ಗುಣಿಸಿ ಸ್ಪೀಡ್‌ನಿಂದ ಭಾಗಿಸಿ. 3200 ಸಿಎಲ್ 16ಕ್ಕೆ ಸರಿಯಾಗಿ 10 ನ್ಯಾನೋಸೆಕೆಂಡ್ ಬರುತ್ತದೆ. ನನ್ನ ಗೆಳೆಯ ಜಾಸ್ತಿ ದುಡ್ಡು ಕೊಟ್ಟು 3600 ಸಿಎಲ್ 18 ತಂದ. ಅದಕ್ಕೂ 10 ನ್ಯಾನೋಸೆಕೆಂಡೇ. ಕಾಯುವ ಹೊತ್ತು ಅಷ್ಟೇ, ಡೇಟಾ ಹರಿವು ಮಾತ್ರ ಸ್ವಲ್ಪ ಜಾಸ್ತಿ. ಆದರೆ 3200 ಸಿಎಲ್ 22 ತಂದರೆ 13.75. ಎರಡರ ಮೇಲೂ 3200 ಅಂತಲೇ ಇರುತ್ತದೆ, ಅಲ್ವಾ? ಈ ವ್ಯತ್ಯಾಸ ನನಗೆ ಗೊತ್ತಾಗಿದ್ದು 2023ರ ಹೋಳಿ ಹೊತ್ತಿನಲ್ಲಿ.

ನಮ್ಮೂರ ಹೋಳಿ ಗೊತ್ತಲ್ಲ. ಹಲಗೆ ಮೇಳ, ಬಂಡಿಯಲ್ಲಿ ಬಣ್ಣದ ಬ್ಯಾರೆಲ್, ಎಲ್ಲವನ್ನೂ 4ಕೆಯಲ್ಲಿ ಶೂಟ್ ಮಾಡಿದ್ದೆ. 16 ಜಿಬಿ ಸಾಲಲಿಲ್ಲ. ಅವಸರಕ್ಕೆ ಒಂದು ಅಂಗಡಿಗೆ ಓಡಿ ಬೇರೆ ಕಂಪನಿಯ 8 ಜಿಬಿಯ ಎರಡು ಸ್ಟಿಕ್ ಕೇಳಿದೆ. 'ಎಲ್ಲಾ ಒಂದರೀ, ಇದೂ 3200 ಐತಿ, ಹಾಕ್ರಿ ಸುಮ್ನ' ಅಂದರು. ಹಾಕಿದೆ. ಎರಡು ದಿನ ಚೆನ್ನಾಗಿತ್ತು. ಮೂರನೆಯ ದಿನ ರೆಂಡರ್ ಅರ್ಧಕ್ಕೆ ಬಂದಾಗ ನೀಲಿ ಪರದೆ, ಮೆಮೊರಿ ಮ್ಯಾನೇಜ್‌ಮೆಂಟ್ ಅನ್ನುವ ಎರರ್. ಅವತ್ತು ಸಂಜೆಯೊಳಗೆ ನಾಲ್ಕು ಸಲ ಹಾಗಾಯಿತು. ವಿಡಿಯೋ ಕೊಡುವ ದಿನ ತಪ್ಪಿತು. ಹಳೇ ಗಿರಾಕಿಯೊಬ್ಬರು ಬೇಜಾರು ಮಾಡಿಕೊಂಡರು. ಇವತ್ತಿಗೂ ಅದು ನನಗೆ ನೋವಿನ ವಿಷಯ.

ರಾತ್ರಿ ಪೆನ್‌ಡ್ರೈವ್‌ನಿಂದ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಪರದೆ ತುಂಬಾ ಎರರ್‌ನ ಸಾಲುಗಳು. ಆಮೇಲೆ ಹಳೆಯ ಜೋಡಿಯನ್ನು ಮಾತ್ರ ಹಾಕಿ ಪರೀಕ್ಷಿಸಿದೆ, ಒಂದೂ ಎರರ್ ಇಲ್ಲ. ಹೊಸ ಜೋಡಿ ಮಾತ್ರ ಹಾಕಿದೆ, ಅದೂ ಸರಿಯಾಗಿದೆ. ತಪ್ಪು ಇದ್ದದ್ದು ಎರಡನ್ನೂ ಬೆರೆಸಿ ಹಾಕಿದ್ದರಲ್ಲಿ. ಹೊಸದು 1.2 ವೋಲ್ಟ್‌ನ ಸಿಎಲ್ 22. ಎಕ್ಸ್‌ಎಂಪಿ ಆನ್ ಇದ್ದಾಗ ಬೋರ್ಡ್ ನಾಲ್ಕಕ್ಕೂ ಸಿಎಲ್ 16ರ ಲೆಕ್ಕವನ್ನೇ ಹೇರಿತ್ತು. ಎಕ್ಸ್‌ಎಂಪಿ ಆಫ್ ಮಾಡಿದರೆ ನಾಲ್ಕೂ 2133ಕ್ಕೆ ಇಳಿದವು. ಕಿಲಾರಿ ಎತ್ತಿಗೆ ನಿಧಾನದ ಎತ್ತು ಜೋಡಿ ಕಟ್ಟಿದರೆ ಬಂಡಿ ನಿಧಾನದ ಎತ್ತಿನ ಹೆಜ್ಜೆಗೇ ಸಾಗುತ್ತದೆ. ಹೊಡೆದು ಓಡಿಸಿದರೆ ನೊಗ ಮುರಿಯುತ್ತದೆ. ಇನ್ನೊಂದು ಮಾತು: ಎರಡು ಸ್ಟಿಕ್‌ಗೆ ಈ ಪ್ರೊಸೆಸರ್‌ನಲ್ಲಿ 3200 ಅಂತ ಭರವಸೆ ಕೊಡುವ ಎಎಂಡಿ, ನಾಲ್ಕು ಸ್ಲಾಟ್ ತುಂಬಿದರೆ ಅದಕ್ಕಿಂತ ಕಡಿಮೆ ಸ್ಪೀಡನ್ನೇ ಹೇಳುತ್ತದೆ. ಎಲ್ಲ ಸ್ಟಿಕ್ ಒಂದೇ ಥರ ಇದ್ದರೂ ಅಷ್ಟೇ.

ಕೊನೆಗೆ ಅದೇ ವೆಂಜೆನ್ಸ್ ಎಲ್‌ಪಿಎಕ್ಸ್‌ನ 16 ಜಿಬಿ ಎರಡು ಸ್ಟಿಕ್‌ನ ಕಿಟ್ ತರಿಸಿದೆ. ಈ ಸಲ ಮೊದಲೇ ಬೋರ್ಡ್ ಕಂಪನಿಯ ಸೈಟ್‌ನಲ್ಲಿ ಮೆಮೊರಿ ಪಟ್ಟಿ ತೆರೆದು ಪಾರ್ಟ್ ನಂಬರ್ ಅಕ್ಷರ ಅಕ್ಷರ ಹೋಲಿಸಿದೆ. ಸಿಎಂಕೆ ಅಂದರೆ ಎಲ್‌ಪಿಎಕ್ಸ್, 32ಜಿಎಕ್ಸ್4 ಅಂದರೆ 32 ಜಿಬಿ ಡಿಡಿಆರ್4, ಎಂ2 ಅಂದರೆ ಎರಡು ಸ್ಟಿಕ್, ಕೊನೆಗೆ 3200ಸಿ16. ಇದರ ಟೈಮಿಂಗ್ 16-20-20-38. ಹಳೆಯದಕ್ಕಿಂತ ಸ್ವಲ್ಪ ಸಡಿಲ, ಕೆಲಸದಲ್ಲಿ ನನಗೆ ವ್ಯತ್ಯಾಸ ಕಂಡಿಲ್ಲ. ಆವತ್ತಿನಿಂದ ಒಂದೂ ನೀಲಿ ಪರದೆ ಬಂದಿಲ್ಲ. ಮೇ ತಿಂಗಳ ನಲವತ್ತು ಡಿಗ್ರಿ ಬಿಸಿಲಲ್ಲೂ ಬಂದಿಲ್ಲ. ಕರಿಮಣ್ಣಿನ ಧೂಳು ಕೂತು ಒಂದು ಸಲ ಡಿಸ್‌ಪ್ಲೇ ಬರಲಿಲ್ಲ. ಪವರ್ ತೆಗೆದು, ಸ್ಟಿಕ್ ಬಿಚ್ಚಿ, ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರ್‌ನಿಂದ ಒರೆಸಿ ಹಾಕಿದೆ, ಸರಿಯಾಯಿತು. ಸ್ಟಿಕ್ ಗಿಡ್ಡ ಇರುವುದರಿಂದ ದೊಡ್ಡ ಕೂಲರ್ ಕೆಳಗೂ ಆರಾಮಾಗಿ ಕೂರುತ್ತದೆ. ಮಿನುಗುವ ಲೈಟ್ ಇಲ್ಲ. ಅದು ಬೇಕು ಅನ್ನುವವರಿಗೆ ಇದು ಅಲ್ಲ.

ಲಗ್ನಪತ್ರಿಕೆ, ಫ್ಲೆಕ್ಸ್ ಅಷ್ಟೇ ಮಾಡುವವರಾದರೆ ಸಿಎಲ್ 16ಕ್ಕೆ ಜಾಸ್ತಿ ದುಡ್ಡು ಹಾಕಬೇಡಿ. ಆ ದುಡ್ಡಿಗೆ ಜಿಬಿ ಜಾಸ್ತಿ ತಗೊಳ್ಳಿ. 2025ರ ಕೊನೆಯಿಂದ ಎಐ ಸರ್ವರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ ಸಿಪಿಯು-ಝಡ್‌ನಲ್ಲಿ ಸ್ಟಿಕ್‌ನ ವಿವರ ತೋರಿಸುವ ಎಸ್‌ಪಿಡಿ ಪುಟದ ಫೋಟೋ ಕೇಳಿ. ಅದರಲ್ಲಿ ಪಾರ್ಟ್ ನಂಬರ್, ಟೈಮಿಂಗ್, ವೋಲ್ಟ್ ಎಲ್ಲ ಇರುತ್ತದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಇವೆ, ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಒತ್ತಬೇಡಿ.

ಹಳೆಯ 8 ಜಿಬಿ ಜೋಡಿಯನ್ನು ತಮ್ಮನ ಕಂಪ್ಯೂಟರ್‌ಗೆ ಹಾಕಿಕೊಟ್ಟೆ. ಅವನದು ಎಚ್410 ಬೋರ್ಡ್, ಇಂಟೆಲ್ ಐ5-10400 ಪ್ರೊಸೆಸರ್. ಅಲ್ಲಿ 2666ಕ್ಕಿಂತ ಮೇಲೆ ಹೋಗಲು ಬೋರ್ಡೇ ಬಿಡುವುದಿಲ್ಲ. ಆದರೂ ಎರಡೂ ಸ್ಟಿಕ್ ಇವತ್ತಿಗೂ ಒಂದು ತಕರಾರಿಲ್ಲದೆ ಓಡುತ್ತಿವೆ.