ಗೇರ್‌ಬಾಕ್ಸ್ ಇಳಿಸುವ ಮುನ್ನ ಆ ಎರಡು ತಂತಿಗಳನ್ನು ನೋಡಿಸಿ

ಆಟೊಮ್ಯಾಟಿಕ್ ಗೇರಿನ ಹಳೆಯ ಕಾರು ಇಟ್ಟುಕೊಂಡವರು ಇದನ್ನು ಓದಬೇಕು. ನನ್ನ ಕೈಯಿಂದ 40,800 ರೂಪಾಯಿ ಹೋಗಿದೆ. ಕೊನೆಗೆ ಕಾರು ಸರಿಯಾದದ್ದು 1,150 ರೂಪಾಯಿಯಲ್ಲಿ, ಅದೂ ಬೇರೆ ಊರಿನಲ್ಲಿ, ಬೇರೆಯವರ ಕೈಯಲ್ಲಿ.

ನಾನು ದಾವಣಗೆರೆಯಲ್ಲಿ ಮಂಡಕ್ಕಿ ಸಗಟು ವ್ಯಾಪಾರ ಮಾಡುವವನು. ತಕ್ಕಡಿಯಲ್ಲಿ ಯಾರಾದರೂ ನೂರು ಗ್ರಾಂ ಹೊಡೆದರೆ ಕಣ್ಣಳತೆಯಲ್ಲೇ ಹೇಳಬಲ್ಲೆ. ಕಾರಿನ ಬಾನೆಟ್ ಎತ್ತಿದರೆ ಮಾತ್ರ ಬ್ಯಾಟರಿಯ ಹೊರತು ಮತ್ತೇನೂ ಗುರುತು ಸಿಗುವುದಿಲ್ಲ. ಮೊಣಕಾಲು ನೋವಿನಿಂದ ಕ್ಲಚ್ ತುಳಿಯುವುದು ಕಷ್ಟವಾಗಿ, 2012ರ ಮಾದರಿಯ ನಾಲ್ಕು ಗೇರಿನ ಆಟೊಮ್ಯಾಟಿಕ್ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೆ. ಎರಡು ವರ್ಷ ಚಕಾರವೆತ್ತದೆ ಓಡಿತು.

ಶ್ರಾವಣದಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಬೆಳಿಗ್ಗೆ ಚಿತ್ರದುರ್ಗಕ್ಕೆ ಹೊರಟಿದ್ದೆವು. ಆನಗೋಡು ದಾಟುತ್ತಿದ್ದಂತೆ ಸ್ಪೀಡೋಮೀಟರಿನ ಮುಳ್ಳು ಒಂದೇ ಸಲಕ್ಕೆ ಸೊನ್ನೆಗೆ ಬಿತ್ತು. ಕಾರು ಓಡುತ್ತಲೇ ಇದೆ, ಮುಳ್ಳು ಮಾತ್ರ ಮಲಗಿದೆ. ಮರುಕ್ಷಣವೇ ಹಿಂದಿನಿಂದ ಯಾರೋ ಒದ್ದಂತೆ ಒಂದು ಜರ್ಕ್. ಇಂಜಿನ್ ದೀಪ ಹೊತ್ತಿಕೊಂಡಿತು. ಗಾಡಿಯನ್ನು ಬದಿಗೆ ನಿಲ್ಲಿಸಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದರೆ ಎಲ್ಲವೂ ಸರಿ. ಭರಮಸಾಗರದ ಹತ್ತಿರ ಮತ್ತೆ ಅದೇ ಕಥೆ. ಈ ಸಲ ಗೇರು ಬದಲಾಗುವುದೇ ನಿಂತುಹೋಯಿತು. ನಿಂತಲ್ಲಿಂದ ಎಳೆಯುವಾಗ ತುಂಬಿದ ಎತ್ತಿನ ಗಾಡಿ ದಿಬ್ಬ ಹತ್ತುವಂತೆ ತಿಣುಕುತ್ತಿತ್ತು. ವೇಗ ಅಳೆಯುವ ಸೆನ್ಸಾರಿನ ಲೆಕ್ಕ ಸಿಗದೆ ಹೋದಾಗ ಗೇರ್‌ಬಾಕ್ಸ್ ಹಾಳಾಗದಿರಲಿ ಎಂದು ಕಂಪ್ಯೂಟರ್ ತಾನೇ ಒಂದೇ ಗೇರಿನಲ್ಲಿ ಗಾಡಿಯನ್ನು ಹಿಡಿದಿಡುತ್ತದೆಯಂತೆ. ಅದು ಕಾಪಾಡುವ ಉಪಾಯ, ಕೆಟ್ಟುಹೋದ ಲಕ್ಷಣವಲ್ಲ. ಇದು ನನಗೆ ತಿಳಿದದ್ದು ದುಡ್ಡು ಕಳೆದುಕೊಂಡ ಮೇಲೆ.

ಊರಿಗೆ ಮರಳಿ ಒಂದು ದೊಡ್ಡ ಗ್ಯಾರೇಜಿಗೆ ಹೋದೆ. ಹೆಸರು ಬರೆಯುವುದಿಲ್ಲ. ಹುಡುಗನೊಬ್ಬ ಸ್ಟೇರಿಂಗ್ ಕೆಳಗಿನ ಪ್ಲಗ್ಗಿಗೆ ಸ್ಕ್ಯಾನರ್ ಚುಚ್ಚಿದ. ದೋಷ ಸೂಚಿಸುವ ಮೂರು ಕೋಡ್ ಬಂದವು: ಪಿ0700, ಪಿ0722, ಪಿ0730. ಅಷ್ಟರಲ್ಲಿ ಮಾಲೀಕರು ಬೆಣ್ಣೆ ದೋಸೆ ತರಿಸಿದರು. ದೋಸೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನು ಪಲ್ಯ ಮುಗಿಸುವ ಹೊತ್ತಿಗೆ ಅವರು ಕೊನೆಯ ಕೋಡಿನ ಮೇಲೆ ಬೆರಳಿಟ್ಟು, "ಯಜಮಾನರೇ, ಗೇರ್ ಅನುಪಾತ ತಪ್ಪಿದೆ ಎಂದು ಮೆಷಿನ್ನೇ ಹೇಳುತ್ತಿದೆ. ಒಳಗಿನ ಪ್ಲೇಟುಗಳು ಸವೆದಿವೆ. ಬಾಕ್ಸ್ ಇಳಿಸಬೇಕು, 1,35,000 ಆಗುತ್ತದೆ" ಎಂದರು. ಕಾರನ್ನು ಅವರು ಒಂದು ಸುತ್ತು ಓಡಿಸಿಯೂ ನೋಡಿರಲಿಲ್ಲ. ಬಾನೆಟ್ ಎತ್ತಿದ್ದನ್ನೂ ನಾನು ಕಾಣಲಿಲ್ಲ.

ನಾನು ಬೆದರಿದ್ದು ಮುಖದಲ್ಲೇ ಕಂಡಿರಬೇಕು. ತಾವಾಗಿಯೇ ಇಳಿದು ಬಂದು, "ಮೊದಲು ಸೆನ್ಸಾರ್ ಬದಲಿಸಿ ನೋಡೋಣ" ಎಂದರು. 1,35,000 ಕೇಳಿದ ಕಿವಿಗೆ 7,800 ರೂಪಾಯಿ ದಾನದಂತೆ ಕೇಳಿಸಿತು. ಸಂಜೆ ಕಾರು ಕೈಗೆ ಬಂತು. ಹಳೆಯ ಸೆನ್ಸಾರ್ ಕೊಡಿ ಎಂದು ಕೇಳಿದರೆ, ಗುಜರಿಗೆ ಹೋಯಿತು ಎಂದರು. ಮೂರು ದಿನ ಕಾರು ಸೊಗಸಾಗಿ ಓಡಿತು. ನಾಲ್ಕನೆಯ ದಿನ ಅಶೋಕ ಟಾಕೀಸಿನ ಹತ್ತಿರ, ಹಿಂದೆ ಇಪ್ಪತ್ತು ವಾಹನಗಳು ಹಾರ್ನ್ ಹೊಡೆಯುತ್ತಿರುವಾಗ, ಮುಳ್ಳು ಮತ್ತೆ ಮಲಗಿತು.

ಆಮೇಲೆ ಆಯಿಲ್ ಬದಲಿಸಿದರು, 6,500. ತೆಗೆದ ಆಯಿಲನ್ನು ನಾನೇ ಬೆರಳಿಗೆ ಹಚ್ಚಿಕೊಂಡು ನೋಡಿದ್ದೆ. ಕೆಂಪಗಿತ್ತು, ಸುಟ್ಟ ವಾಸನೆ ಇರಲಿಲ್ಲ. ಪ್ಲೇಟುಗಳು ಸವೆದು ಜಾರುತ್ತಿದ್ದರೆ ಆಯಿಲ್ ಸಾಮಾನ್ಯವಾಗಿ ಕಪ್ಪಾಗಿ, ಸೀದ ವಾಸನೆ ಹೊಡೆಯುತ್ತದೆ. ಅಷ್ಟು ತಿಳಿದಿದ್ದರೆ ಅಲ್ಲಿಯೇ ನಿಲ್ಲಿಸುತ್ತಿದ್ದೆ. ತಿಳಿದಿರಲಿಲ್ಲವಾದ್ದರಿಂದ ಮುಂದಿನ ವಾರ ಗೇರ್‌ಬಾಕ್ಸಿನ ಕಂಪ್ಯೂಟರ್ ಹೋಗಿದೆ ಎಂದಾಗಲೂ ತಲೆಯಾಡಿಸಿದೆ. ಬೆಂಗಳೂರಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ 22,000, ಎಲ್ಲಾ ಸೇರಿ ಕೂಲಿ 4,500. ಈ ಸಲ ಮಾತ್ರ ಜಗಳವಾಡಿ ಹಳೆಯ ಕಂಪ್ಯೂಟರನ್ನು ಕೈಗೆ ತೆಗೆದುಕೊಂಡೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಬುದ್ಧಿವಂತ ಕೆಲಸ ಅದೊಂದೇ. ಕಾರು ಐದು ದಿನ ಓಡಿತು. ಆರನೆಯ ದಿನ ಹರಿಹರದಿಂದ ಬರುವಾಗ ಅದೇ ಒದೆತ, ಅದೇ ಮುಳ್ಳು. "ನಾನು ಮೊದಲೇ ಹೇಳಿದ್ದೆನಲ್ಲ, ಬಾಕ್ಸ್ ಇಳಿಸಲೇಬೇಕು" ಎಂದರು ಮಾಲೀಕರು.

ಭಾವನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. "ಬಾಕ್ಸ್ ಇಳಿಸಲು ಒಪ್ಪಬೇಡಿ, ಒಮ್ಮೆ ದುರ್ಗಕ್ಕೆ ತನ್ನಿ" ಎಂದ. ಅಲ್ಲಿ ಅವನಿಗೆ ಗೊತ್ತಿದ್ದ ಎಲೆಕ್ಟ್ರಿಷಿಯನ್ ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುತ್ತಾ ಕೂದಲು ಬೆಳ್ಳಗೆ ಮಾಡಿಕೊಂಡವರು. ತಗಡಿನ ಶೆಡ್ಡು, ಒಂದು ಬೆಂಚು, ಗಾಜು ಸೀಳಿದ ಮಲ್ಟಿಮೀಟರ್. ನೋಡಿದರೆ ನಂಬಿಕೆ ಹುಟ್ಟುವ ಜಾಗವಲ್ಲ. ಆದರೆ ಅವರು ಮೊದಲು ಕೇಳಿದ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ: "ಮುಳ್ಳು ಬೀಳುವುದು ಎಂಥ ಜಾಗದಲ್ಲಿ? ನುಣ್ಣನೆಯ ರಸ್ತೆಯಲ್ಲೋ, ಹಂಪು ಹಾರಿದಾಗಲೋ?"

ಯೋಚಿಸಿದೆ. ಆನಗೋಡಿನಲ್ಲಿ ಸರ್ವೀಸ್ ರಸ್ತೆಗೆ ಇಳಿದು ಹಂಪು ದಾಟಿದ್ದೆ. ಭರಮಸಾಗರದಲ್ಲಿ ಎಳನೀರು ಕುಡಿಯಲು ಡಾಂಬರು ಬಿಟ್ಟು ಇಳಿದು ಹತ್ತಿದ್ದೆ. ಅಶೋಕ ಟಾಕೀಸಿನ ಬಳಿಯ ರಸ್ತೆಯ ಬಗ್ಗೆ ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ.

"ಕುಲುಕಿದಾಗ ಮಾತ್ರ ಕೆಡುವ ಗೇರ್‌ಬಾಕ್ಸನ್ನು ನಾನು ಇದುವರೆಗೆ ಕಂಡಿಲ್ಲ" ಎಂದರು ಅವರು. ಸ್ಕ್ಯಾನರ್ ಹಾಕಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಓಡಿಸಿದರು. ಕೋಡ್ ಓದಿ ಮುಚ್ಚಿಡುವ ಬದಲು, ಓಡುವಾಗಿನ ಅಂಕಿಗಳನ್ನು ಪರದೆಯ ಮೇಲೆ ತೆರೆದಿಟ್ಟರು. ಗೇರ್‌ಬಾಕ್ಸಿನ ಒಳಗೆ ಬರುವ ವೇಗಕ್ಕೆ ಒಂದು ಸೆನ್ಸಾರ್, ಹೊರಗೆ ಹೋಗುವ ವೇಗಕ್ಕೆ ಇನ್ನೊಂದು. ನನ್ನ ಕಾರಿನ ಮುಳ್ಳಿಗೂ ಲೆಕ್ಕ ಬರುವುದು ಈ ಎರಡನೆಯದರಿಂದಲೇ. ಮೂರನೆಯ ಗೇರಿನಲ್ಲಿ ನನ್ನ ಕಾರಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಇದ್ದವು ಕೂಡ: 1,800, 1,790. ನನ್ನ ಮೊಬೈಲಿನ ಮ್ಯಾಪ್ ಗಂಟೆಗೆ 48 ಕಿಲೋಮೀಟರ್ ಎನ್ನುತ್ತಿತ್ತು. ಅವರು ಬೇಕೆಂದೇ ರಸ್ತೆಯ ಅಂಚಿನ ಗುಂಡಿಗೆ ಚಕ್ರ ಇಳಿಸಿದರು. ಎರಡನೆಯ ಅಂಕಿ 1,790ರಿಂದ ನೇರವಾಗಿ ಸೊನ್ನೆ. ಮೊದಲನೆಯದು ಅಲುಗಲಿಲ್ಲ. ಮ್ಯಾಪಿನಲ್ಲಿ ಇನ್ನೂ 48.

ಪ್ಲೇಟ್ ಜಾರಿದರೆ ಎರಡು ಅಂಕಿಗಳೂ ನಿಧಾನವಾಗಿ ಒಂದರಿಂದೊಂದು ದೂರ ಸರಿಯುತ್ತವೆ, ಇಂಜಿನ್ ಸುಮ್ಮನೆ ಕಿರುಚುತ್ತದೆ. ಚಕ್ರ ಉರುಳುತ್ತಿರುವಾಗ ಹೊರಗಿನ ವೇಗ ರೆಪ್ಪೆ ಬಡಿಯುವುದರೊಳಗೆ ಸೊನ್ನೆಯಾಗಲು ಸಾಧ್ಯವೇ ಇಲ್ಲ. ಸೊನ್ನೆಯಾದದ್ದು ವೇಗವಲ್ಲ, ಸುದ್ದಿ. ಸುದ್ದಿ ಸಿಗದೆ ಕಂಪ್ಯೂಟರ್ ಪಿ0722 ಎಂದು ಬರೆದುಕೊಂಡಿದೆ, ಅಂದರೆ ಹೊರ ಸೆನ್ಸಾರಿನ ಸರ್ಕ್ಯೂಟಿನಿಂದ ಸಂಕೇತವಿಲ್ಲ. 1,800ರ ಪಕ್ಕದಲ್ಲಿ ಸೊನ್ನೆ ಕಂಡು ಅನುಪಾತ ಕೂಡುತ್ತಿಲ್ಲ ಎಂದು ಪಿ0730 ಹಾಕಿದೆ. ಪಿ0700 ಎಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ದೂರು ದಾಖಲಾಗಿದೆ ಎಂದಷ್ಟೇ. ಮೂಲ ಒಂದು, ಬಾಲ ಎರಡು. ಗ್ಯಾರೇಜಿನವರು ಹಿಡಿದದ್ದು ಬಾಲವನ್ನು. ಮತ್ತೊಂದು ಮಾತು: ಕೋಡ್ ಹೇಳುವುದು ಸರ್ಕ್ಯೂಟಿನ ಹೆಸರನ್ನು, ಸಾಮಾನಿನ ಹೆಸರನ್ನಲ್ಲ. ಸೆನ್ಸಾರ್, ಅದರ ಪ್ಲಗ್ಗು, ತಂತಿ, ಕಂಪ್ಯೂಟರಿನ ಕಡೆಯ ಪಿನ್ನು ಎಲ್ಲವೂ ಆ ಒಂದೇ ಕೋಡಿನೊಳಗೆ ಬರುತ್ತವೆ.

ಶೆಡ್ಡಿಗೆ ಮರಳಿ ಕೀ ತೆಗೆದು, ಕಂಪ್ಯೂಟರಿನ ಕಡೆಯ ಪ್ಲಗ್ಗು ಬಿಚ್ಚಿ, ಸೆನ್ಸಾರಿನ ಎರಡು ತಂತಿ ಬರುವ ಪಿನ್ನುಗಳಿಗೆ ಮೀಟರಿನ ಕಡ್ಡಿ ಹಿಡಿದರು. ನನ್ನದು ಎರಡು ತಂತಿಯ ಸೆನ್ಸಾರ್. ಒಳಗಿರುವುದು ಒಂದು ಆಯಸ್ಕಾಂತ, ಸುತ್ತ ತಾಮ್ರದ ಸುರುಳಿ. ಎದುರಿನ ಚಕ್ರದ ಹಲ್ಲು ಹಾದುಹೋದಾಗಲೆಲ್ಲ ಅದರಲ್ಲಿ ವಿದ್ಯುತ್ತಿನ ಒಂದು ಮಿಡಿತ ಹುಟ್ಟುತ್ತದೆ, ಕಂಪ್ಯೂಟರ್ ಅದನ್ನು ಎಣಿಸುತ್ತದೆ. ಸುರುಳಿ ಸರಿಯಿದ್ದರೆ ಮೀಟರಿನಲ್ಲಿ ಇಂತಿಷ್ಟು ಓಮ್ ಎಂದು ಬರಬೇಕು, ಎಷ್ಟೆಂಬುದು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. 560 ಬಂತು. ಮೀಟರನ್ನು ನನ್ನ ಕೈಗೆ ಕೊಟ್ಟು, "ಇದನ್ನೇ ನೋಡುತ್ತಿರಿ" ಎಂದು ಅವರು ತಂತಿಯ ಕಟ್ಟನ್ನು ಬೆರಳಿನಿಂದ ಗೇಣು ಗೇಣಾಗಿ ಅಲುಗಿಸುತ್ತಾ ಹೋದರು. 560, 560, 560. ಬ್ಯಾಟರಿಯ ತಟ್ಟೆಯ ಕೆಳಗೆ ಕೈ ಹೋದಾಗ ಅಂಕಿ ಮಾಯವಾಗಿ ಓ.ಎಲ್. ಎಂಬ ಎರಡು ಅಕ್ಷರ ಬಂತು. ದಾರಿ ತುಂಡಾಗಿದೆ ಎಂದು ಅದರ ಅರ್ಥ. ಕೈ ಬಿಟ್ಟರೆ ಮತ್ತೆ 560.

ಮೂರು ತಂತಿಯ ಸೆನ್ಸಾರ್ ಇದ್ದವರು ಇದನ್ನು ಹಾಗೆಯೇ ಅನುಸರಿಸಬೇಡಿ. ಅದು ಬೇರೆ ಜಾತಿ. ಅದಕ್ಕೆ ಹೊರಗಿನಿಂದ 5 ಅಥವಾ 12 ವೋಲ್ಟ್ ಬರುತ್ತದೆ. ಆ ವೋಲ್ಟ್ ಬರುತ್ತಿದೆಯೇ, ಅರ್ಥ್ ಸರಿಯಿದೆಯೇ, ಚಕ್ರ ತಿರುಗಿದಾಗ ಮೂರನೆಯ ತಂತಿಯಲ್ಲಿ ಸಂಕೇತ ಏರಿಳಿಯುತ್ತದೆಯೇ ಎಂದು ನೋಡಬೇಕು. ಅದಕ್ಕೆ ಓಮ್ ಹಿಡಿದು ತೀರ್ಪು ಹೇಳುವವರಿದ್ದರೆ ಅಲ್ಲಿಂದ ಎದ್ದು ಬನ್ನಿ.

ಬ್ಯಾಟರಿ ಎತ್ತಿ, ತಟ್ಟೆ ಬಿಚ್ಚಿದರು. ಕೆಳಗೆ ಚಿಂದಿ ಬಟ್ಟೆ, ಗೋಣಿದಾರದ ಎಳೆಗಳು, ನಡುವೆ ಒಂದು ಬೊಗಸೆ ಬೆಳ್ಳನೆಯ ಮಂಡಕ್ಕಿ. ಇಲಿಗೂಡು! ಪಕ್ಕದಲ್ಲೇ ಎರಡು ತಂತಿಗಳ ಪ್ಲಾಸ್ಟಿಕ್ ಹೊದಿಕೆ ಕಡಿದುಹೋಗಿ ತಾಮ್ರ ಹಸಿರುಗಟ್ಟಿತ್ತು. ಒಂದು ತಂತಿಯಂತೂ ಎರಡೇ ಎರಡು ಎಳೆಗಳ ಮೇಲೆ ಜೀವ ಹಿಡಿದಿತ್ತು. ಗಾಡಿ ಕುಲುಕಿದರೆ ಬಿಡುವುದು, ನಿಂತರೆ ಕೂಡುವುದು.

"ನಿಮ್ಮ ಅಂಗಡಿಯ ಮಾಲೇ ಅಲ್ಲವೇ ಯಜಮಾನರೇ?" ಎಂದರು ಎಲೆಕ್ಟ್ರಿಷಿಯನ್. ಭಾವ ಗೋಡೆಯ ಕಡೆ ತಿರುಗಿ ನಗುತ್ತಿದ್ದ. ಗೋದಾಮು ತುಂಬಿದಾಗ ಚೀಲಗಳನ್ನು ಕಾರ್ ಶೆಡ್ಡಿನಲ್ಲಿ ಒಟ್ಟುವುದು ನನ್ನ ರೂಢಿ. "ರೀ, ಕಾರಿನ ಪಕ್ಕ ಚೀಲ ಇಡಿಸಬೇಡಿ, ಇಲಿ ಸೇರುತ್ತವೆ" ಎಂದು ಮನೆಯವಳು ಹೇಳಿದ್ದು ಒಂದು ಸಲವಲ್ಲ. ಇಲಿಯ ಪಾಲಿನ ತಪ್ಪು ನನ್ನದೇ, ಅದನ್ನು ಗ್ಯಾರೇಜಿನ ಮೇಲೆ ಹಾಕುವುದಿಲ್ಲ.

ಹಾಗಾದರೆ ಪ್ರತಿ ರಿಪೇರಿಯ ನಂತರವೂ ಮೂರು ದಿನ, ಐದು ದಿನ ಕಾರು ಸರಿಯಾಗಿ ಓಡಿದ್ದು ಹೇಗೆ? ಅದನ್ನೂ ಅವರೇ ಬಿಡಿಸಿ ಹೇಳಿದರು. ಯಾರೇ ಬಾನೆಟ್ಟಿನೊಳಗೆ ಕೈ ಹಾಕಿ ಬ್ಯಾಟರಿ ಸರಿಸಲಿ, ಪ್ಲಗ್ಗು ಎಳೆದು ಚುಚ್ಚಲಿ, ಆ ಎರಡು ಎಳೆಗಳು ಒಂದಿಷ್ಟು ದಿನಕ್ಕೆ ಕೂಡಿಕೊಳ್ಳುತ್ತವೆ. ಬಂದು ಹೋಗುವ ದೋಷಕ್ಕೆ ಯಾರು ಮುಟ್ಟಿದರೂ ವಾಸಿಯಾದಂತೆ ಕಾಣುತ್ತದೆ. ನಾನು 7,800, 22,000 ಎಂದು ಎಣಿಸಿ ಕೊಟ್ಟದ್ದು ಈ ಕಣ್ಕಟ್ಟಿಗೆ.

ಇಷ್ಟಾಗಿದ್ದರೆ ಬರೆಯುತ್ತಿರಲಿಲ್ಲ. ಗೊತ್ತಿಲ್ಲದೆ ಮಾಡಿದರು ಎಂದು ಬಿಡುತ್ತಿದ್ದೆ. ಆದರೆ ಕೊನೆಗೆ ಎಲೆಕ್ಟ್ರಿಷಿಯನ್ ಸೆನ್ಸಾರನ್ನೂ ನೋಡಿಬಿಡೋಣ ಎಂದು ಬಗ್ಗಿದವರು ನನ್ನನ್ನು ಕರೆದರು. ಸೆನ್ಸಾರ್ ಹಿಡಿದಿದ್ದ ಬೋಲ್ಟಿನ ತಲೆಯ ಸುತ್ತ ತುಕ್ಕು, ಎಣ್ಣೆಜಿಡ್ಡು, ಧೂಳು ಒಂದಾಗಿ ಗಟ್ಟಿಯಾಗಿ ಕೂತಿತ್ತು, ಸ್ಪ್ಯಾನರ್ ತಾಗಿದ ಗುರುತೇ ಇಲ್ಲ. ಬಿಚ್ಚಿದಾಗ ಅದರ ರಬ್ಬರ್ ಉಂಗುರ ಚಪ್ಪಟೆಯಾಗಿ, ಉಗುರಿನಿಂದ ಒತ್ತಿದರೆ ಸೀಳುವಷ್ಟು ಒಣಗಿತ್ತು. ತಿಂಗಳ ಹಿಂದೆ ಹಾಕಿದ ಹೊಸ ಸೆನ್ಸಾರಿನ ಉಂಗುರ ಹಾಗಿರುವುದಿಲ್ಲ. ತುದಿಯ ಆಯಸ್ಕಾಂತಕ್ಕೆ ಅಂಟಿದ್ದ ಬೂದು ಬಣ್ಣದ ಕಬ್ಬಿಣದ ಹಿಟ್ಟನ್ನು ಬಟ್ಟೆಯಿಂದ ಒರೆಸಿ, ಹೊಸ ಉಂಗುರ ಹಾಕಿ, ಅದೇ ಸೆನ್ಸಾರನ್ನು ಮತ್ತೆ ಕೂರಿಸಿದರು. ಕಡಿದ ಭಾಗ ಕತ್ತರಿಸಿ, ಹೊಸ ತಂತಿ ಬೆಸೆದು, ಮೇಲೆ ಕೊಳವೆ ಏರಿಸಿದರು. ನನ್ನ ಹಳೆಯ ಕಂಪ್ಯೂಟರನ್ನೇ ಮರಳಿ ಜೋಡಿಸಿದರು. ಸಾಮಾನಿಗೆ 650, ಕೂಲಿ 500. ಹೆಚ್ಚು ಕೊಡಲು ಹೋದರೆ, "ನಾಳೆ ಇಲಿ ಮತ್ತೆ ಬರುತ್ತದೆ, ಆಗ ಕೊಡಿ" ಎಂದರು.

ಐದು ತಿಂಗಳಾಯಿತು, ಮುಳ್ಳು ಒಮ್ಮೆಯೂ ಬಿದ್ದಿಲ್ಲ. ಚೀಲಗಳು ಶೆಡ್ಡಿನಿಂದ ಹೊರಗೆ ಹೋಗಿವೆ.

ನಿಮ್ಮ ಕಾರಿನಲ್ಲಿ ಇಂಥದು ಕಂಡರೆ, ಗ್ಯಾರೇಜಿಗೆ ಹೋಗುವ ಮುನ್ನ ಮುಳ್ಳು ಎಲ್ಲಿ ಬಿತ್ತು, ಆಗ ಮೊಬೈಲಿನ ಮ್ಯಾಪ್ ಎಷ್ಟು ವೇಗ ತೋರಿಸುತ್ತಿತ್ತು ಎಂದು ಪಕ್ಕದಲ್ಲಿ ಕೂತವರಿಂದ ಬರೆಸಿಟ್ಟುಕೊಳ್ಳಿ. ಹೊಸ ಮಾದರಿಗಳಲ್ಲಿ ಮುಳ್ಳಿಗೆ ಲೆಕ್ಕ ಬರುವುದು ಚಕ್ರದ ಸೆನ್ಸಾರಿನಿಂದ. ಅಂಥ ಕಾರುಗಳಲ್ಲಿ ಗೇರ್‌ಬಾಕ್ಸಿನ ಸೆನ್ಸಾರ್ ಕೆಟ್ಟರೂ ಮುಳ್ಳು ಆಡುತ್ತಲೇ ಇರಬಹುದು. ಆಗ ಸ್ಕ್ಯಾನರಿನ ಅಂಕಿಗಳೇ ಗತಿ. ಕೋಡ್ ಬಿದ್ದ ಕ್ಷಣದ ವೇಗ, ಗೇರು, ಇಂಜಿನ್ ಸುತ್ತುಗಳನ್ನು ಕಾರಿನ ಕಂಪ್ಯೂಟರ್ ನೆನಪಿಟ್ಟಿರುತ್ತದೆ. ಅಳಿಸುವ ಮೊದಲು ಸ್ಕ್ಯಾನರಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಬಿಚ್ಚಿ ತೆಗೆದ ಹಳೆಯ ಸಾಮಾನನ್ನು ಕೈಗೆ ಕೊಟ್ಟರೆ ಮಾತ್ರ ದುಡ್ಡು ಎಂದು ಮೊದಲೇ ಹೇಳಿ. ಜಿಎಸ್‌ಟಿ ಸಂಖ್ಯೆಯಿರುವ ಬಿಲ್ಲು ಕೇಳಿ. ನಾನು ಕೇಳಲಿಲ್ಲ. ನನ್ನ ಬಳಿ ಇರುವುದು ಗ್ಯಾರೇಜಿನ ಹೆಸರು ಅಚ್ಚಾದ ಚೀಟಿ, ಕೆಳಗೆ ಒಂದು ಸೊಟ್ಟ ಸಹಿ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನು ಗ್ಯಾರೇಜಿನವರು ವಾಪಸ್ ತೆಗೆದುಕೊಳ್ಳಲಿಲ್ಲ. ನೋಟಿಸಿಗೂ ಉತ್ತರವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ಸೋಮವಾರ ಹೋಗುತ್ತಿದ್ದೇನೆ. "ಸೆನ್ಸಾರ್ ಹೊಸದು, 7,800" ಎಂದು ಬರೆದ ಆ ಚೀಟಿಯೊಂದಿಗೆ, ಒಣಗಿದ ರಬ್ಬರ್ ಉಂಗುರವನ್ನೂ ಒಂದು ಕವರಿನಲ್ಲಿ ಹಾಕಿಟ್ಟಿದ್ದೇನೆ.